ಹಲ್ಲು ಕಿತ್ತರೆ ‘ಪ್ಲಕ್’ ಅಲ್ಲ

ಮಲೆನಾಡಿನ ಮಕ್ಕಳ ಇಂಗ್ಲಿಷ್ ಪ್ರಬಂಧ ತಿದ್ದುವವರಿಗೆ ಒಂದು ಕ್ರಿಯಾಪದದಿಂದ ಬಿಡುಗಡೆಯೇ ಇಲ್ಲ: ಪ್ಲಕ್. ಅಪ್ಪ ಅಡಿಕೆ ಪ್ಲಕ್ ಮಾಡಿದರು, ಅಮ್ಮ ಗದ್ದೆಯಲ್ಲಿ ಕಳೆ ಪ್ಲಕ್ ಮಾಡಿದಳು, ಶಿವಮೊಗ್ಗದ ಡಾಕ್ಟರು ಅಜ್ಜಿಯ ಹಲ್ಲು ಪ್ಲಕ್ ಮಾಡಿದರು. ಮೂರೂ ಕಿವಿಗೆ ಒಗ್ಗುವುದಿಲ್ಲ. ಎಡವಟ್ಟು ಎಲ್ಲಿಂದ ಬಂತು ಅನ್ನುವುದೂ ಗುಟ್ಟಲ್ಲ. ನಮ್ಮ ‘ಕೀಳು’ ಯಾವುದಕ್ಕೂ ಸೈ. ಹಲ್ಲು ಕೀಳುತ್ತೇವೆ, ಕಳೆ ಕೀಳುತ್ತೇವೆ, ಸಸಿ ಕಿತ್ತು ನೆಡುತ್ತೇವೆ, ಗೂಟ ಕೀಳುತ್ತೇವೆ, ಆಗದವರನ್ನು ಕೆಲಸದಿಂದಲೂ ಕಿತ್ತುಹಾಕುತ್ತೇವೆ. ಹೂ ಕೀಳುವುದಕ್ಕೆ ಪ್ಲಕ್ ಅಂತ ಒಮ್ಮೆ ಕಲಿತ ಮಗು ಉಳಿದ ಎಲ್ಲದಕ್ಕೂ ಅದನ್ನೇ ಅಂಟಿಸಿಬಿಡುತ್ತದೆ.

ನಾನು ತರಗತಿಯಲ್ಲಿ ಇದಕ್ಕೆ ಅರ್ಥ ಬರೆಸಲು ಹೋಗುವುದಿಲ್ಲ. ‘ಕೈ ಹೇಗೆ ಹೋಗುತ್ತದೆ ತೋರಿಸ್ರೋ’ ಅನ್ನುತ್ತೇನೆ. ಪ್ಲಕ್ ಅನ್ನುವಲ್ಲಿ ಕೆಲಸವೆಲ್ಲ ಬೆರಳಿನ ತುದಿಯದು. ಹಿಡಿ, ಚಟ್ಟನೆ ಒಂದು ಸಣ್ಣ ಎಳೆತ, ವಸ್ತು ಕೈಗೆ ಬಂತು. ಕತ್ತಿ ಬಳಸುವುದಿಲ್ಲ, ಕಾಲೂರಿ ಜಗ್ಗುವುದಿಲ್ಲ. ಇಷ್ಟು ಗೊತ್ತಾದರೆ ಮೇಲಿನ ಮೂರು ವಾಕ್ಯಗಳನ್ನು ಮಕ್ಕಳೇ ತಿದ್ದುತ್ತಾರೆ. ಹಲ್ಲಿಗೆ ಇಕ್ಕಳ ಬೇಕು, ಬಲ ಬೇಕು, ಹಾಗಾಗಿ ‘ಪುಲ್ ಔಟ್’; ಡಾಕ್ಟರ ಭಾಷೆಯಲ್ಲಿ ‘ಎಕ್ಸ್‌ಟ್ರ್ಯಾಕ್ಟ್’. ಕಳೆ ಬೇರು ಸಮೇತ ನೆಲದಿಂದ ಮೇಲೆ ಬರುತ್ತದೆ, ಅದು ‘ಪುಲ್ ಅಪ್’. ಕಳೆ ಕೀಳುವ ಕೆಲಸಕ್ಕೆ ‘ವೀಡ್’ ಅನ್ನುವ ಒಂದೇ ಪದ ಸಾಕು, ಅದು ಕ್ರಿಯಾಪದವೂ ಹೌದು. ನಾಟಿಗೆ ಸಸಿ ಕೀಳುವುದೂ ‘ಪುಲ್ ಅಪ್’ ಆಗುತ್ತದೆ. ಅಡಿಕೆಯ ಮಾತು ಬೇರೆ. ಕೊನೆಗೌಡ ಮರ ಹತ್ತಿ ಇಳಿಸಲಿ, ನೆಲದಲ್ಲೇ ನಿಂತು ದೋಟಿಯಿಂದ ಇಳಿಸಲಿ, ಬರುವುದು ಇಡೀ ಕೊನೆ, ಅಂದರೆ ಗೊನೆ. ಅದಕ್ಕೆ ‘ಹಾರ್ವೆಸ್ಟ್’ ಅನ್ನಿ, ಕಣ್ಣಿಗೆ ಕಟ್ಟುವ ಹಾಗೆ ಬೇಕಿದ್ದರೆ ಗೊನೆ ಕಡಿದು ಇಳಿಸಿದರು ಅನ್ನಲು ‘ಕಟ್ ಡೌನ್ ದ ಬಂಚಸ್’ ಅನ್ನಿ. ಮರದ ಬುಡದಲ್ಲಿ ಉದುರಿದ ಅಡಿಕೆ ಹೆಕ್ಕುವುದು ‘ಪಿಕ್ ಅಪ್’. ನಾವು ಹೆಕ್ಕುವುದನ್ನೂ ಕೊಯ್ಯುವುದನ್ನೂ ಎಂದೂ ಕಲಸುವುದಿಲ್ಲ. ಇಂಗ್ಲಿಷಿನಲ್ಲಿ ಕೊಯ್ಯುವುದು ಬರೀ ‘ಪಿಕ್’, ಹೆಕ್ಕುವುದು ‘ಪಿಕ್ ಅಪ್’; ಆ ವ್ಯತ್ಯಾಸವನ್ನು ಕಾಯುವುದು ಆ ಪುಟ್ಟ ‘ಅಪ್’.

ಹಾಗಾದರೆ ಹೂವಿಗೆ? ಉದ್ಯಾನಗಳ ಬೋರ್ಡಿನಲ್ಲಿ ‘ಡು ನಾಟ್ ಪ್ಲಕ್ ಫ್ಲವರ್ಸ್’ ಅಂತಲೇ ಇರುತ್ತದೆ. ಇಂಗ್ಲೆಂಡಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ಅಲ್ಲಿ ‘ಪಿಕ್’ ಇರುತ್ತದೆ. ಅವರ ದಿನಬಳಕೆಯಲ್ಲಿ ಹೂ, ಹಣ್ಣು, ಹತ್ತಿ, ಕಾಫಿ ಎಲ್ಲವೂ ‘ಪಿಕ್’. ಹೂವಿಗೆ ಪ್ಲಕ್ ಅಂದರೆ ತುಸು ಕವಿತೆಯ ವಾಸನೆ ಹೊಡೆಯುತ್ತದೆ. ಆದರೂ ನಮ್ಮ ದೇಶದ ಇಂಗ್ಲಿಷಿನಲ್ಲಿ ಹೂವಿಗೆ ಪ್ಲಕ್ ಬೇರೂರಿ ಎಷ್ಟೋ ಕಾಲವಾಯಿತು. ಅದಕ್ಕೆ ಅಂಕ ಕತ್ತರಿಸುವ ಮೇಷ್ಟರುಗಳನ್ನು ನಾನು ಒಪ್ಪುವುದಿಲ್ಲ. ಚಹಾ ಎಲೆಗಂತೂ ಪ್ಲಕ್ ಎಲ್ಲ ಕಡೆಯೂ ಸರಿಯಾದ ಪದವೇ. ಎರಡು ಎಲೆ, ಒಂದು ಕುಡಿ ಚಿವುಟುವ ಆ ಕೆಲಸಕ್ಕೆ ಚಹಾ ತೋಟದವರು ‘ಪ್ಲಕಿಂಗ್’ ಅನ್ನುತ್ತಾರೆ, ಕೊಪ್ಪದ ಕಾಫಿ ತೋಟದಲ್ಲಿ ಹಣ್ಣು ಕುಯ್ಯುವುದು ‘ಪಿಕಿಂಗ್’.

ಸಾಗರದ ಕಡೆ ಮನೆಯಲ್ಲೇ ಉಪ್ಪಿನಕಾಯಿ ಮಾಡಿ ಮಾರುವ ಹೆಣ್ಣುಮಗಳೊಬ್ಬರು ಲೇಬಲ್ ತೋರಿಸಲು ಬಂದಿದ್ದರು. ‘ಹ್ಯಾಂಡ್ ಪ್ಲಕ್ಟ್ ಅಪ್ಪೆಮಿಡಿ’ ಅಂತ ಬರೆಸಿದ್ದರು. ‘ಮಿಡಿ ನೆಲಕ್ಕೆ ಬೀಳಿಸಲ್ಲ ಸರ್, ತೊಟ್ಟು ಸಮೇತ ಕೈಯಲ್ಲೇ ಕೊಯ್ಯೋದು, ಅದು ಗಿರಾಕಿಗೆ ಗೊತ್ತಾಗಬೇಕು’ ಅಂದರು. ‘ಹ್ಯಾಂಡ್ ಪಿಕ್ಟ್ ಅಂತ ಹಾಕಿ’ ಅಂದೆ. ಕೈಯಲ್ಲಿ ಕೊಯ್ದದ್ದು, ಆರಿಸಿ ತೆಗೆದದ್ದು, ಎರಡೂ ಅದರಲ್ಲಿ ಬಂತು. ‘ಹ್ಯಾಂಡ್ ಪ್ಲಕ್ಟ್’ ಅಂದರೆ ಇಂಗ್ಲಿಷಿನವನಿಗೆ ಮೊದಲು ನೆನಪಾಗುವುದು ಕೋಳಿ.

ಕೋಳಿಯ ವ್ಯಾಕರಣವೂ ತಮಾಷೆಯದೇ. ಇಂಗ್ಲಿಷಿನಲ್ಲಿ ಪುಕ್ಕವನ್ನೂ ಪ್ಲಕ್ ಮಾಡಬಹುದು, ಕೋಳಿಯನ್ನೇ ಪ್ಲಕ್ ಮಾಡಬಹುದು. ಎರಡರ ಅರ್ಥವೂ ಒಂದೇ, ಪುಕ್ಕ ತೆಗೆದದ್ದು. ಕನ್ನಡದಲ್ಲಿ ‘ಕೋಳಿ ಕಿತ್ತೆ’ ಅಂದರೆ ಮುಖ ನೋಡುತ್ತಾರೆ. ಹುಬ್ಬಿಗೂ ಇದೇ ಲೆಕ್ಕ. ‘ಐಬ್ರೋ ಪ್ಲಕ್’ ಮಾಡಿದರೆ ಹುಬ್ಬು ಉಳಿದಿರುತ್ತದೆ, ಹೆಚ್ಚಿನ ಕೂದಲು ಹೋಗಿರುತ್ತದೆ. ಅಂದಹಾಗೆ ಗಾಂಧಿ ಬಜಾರಿನ ಫ್ಯಾನ್ಸಿ ಅಂಗಡಿಯಲ್ಲಿ ‘ಪ್ಲಕರ್’ ಕೇಳಿದರೆ ಚಿಮುಟ ಕೊಡುತ್ತಾರೆ. ಲಂಡನ್ನಿನಲ್ಲಿ ಕೇಳುವುದಾದರೆ ‘ಟ್ವೀಜರ್ಸ್’ ಅನ್ನಬೇಕು.

ಇನ್ನು ‘ಅಟ್’. ಪಿಯುಸಿ ಮಕ್ಕಳಿಗೆ ಇದನ್ನು ಹೇಳಿಕೊಡದೆ ನಾನು ಮುಂದೆ ಹೋಗುವುದಿಲ್ಲ. ಪ್ಲಕ್ ಆದಮೇಲೆ ನೇರವಾಗಿ ವಸ್ತು ಬಂದರೆ ಸಾಮಾನ್ಯವಾಗಿ ಏನೋ ಕಳಚಿಕೊಂಡಿತು ಅಂತ ಲೆಕ್ಕ. ನಡುವೆ ‘ಅಟ್’ ಬಂದರೆ ಏನೂ ಕಳಚಲಿಲ್ಲ, ಬೆರಳು ಸುಮ್ಮನೆ ಜಗ್ಗುತ್ತಿದೆ. ಜಾತ್ರೆಯಲ್ಲಿ ಪೀಪಿ ಬೇಕೆಂದು ಮಗು ಅಮ್ಮನ ಸೆರಗು ಜಗ್ಗುತ್ತದಲ್ಲ, ಅದು ‘ಪ್ಲಕ್ಟ್ ಅಟ್’. ಒಬ್ಬ ಹುಡುಗ ‘ಅಟ್’ ಬಿಟ್ಟು ಬರೆದಿದ್ದ. ವಾಕ್ಯದ ಪ್ರಕಾರ ಮಗು ಸೆರಗನ್ನೇ ಕಿತ್ತುಕೊಂಡು ಹೋಗಿತ್ತು. ತಂತಿಯ ವಾದ್ಯಕ್ಕೆ ಮಾತ್ರ ಈ ನಿಯಮ ಸಡಿಲ. ವೀಣೆಯ, ಗಿಟಾರಿನ ತಂತಿಯನ್ನು ಪ್ಲಕ್ ಮಾಡುತ್ತೇವೆ, ತಂತಿ ತನ್ನ ಜಾಗದಲ್ಲೇ ಇರುತ್ತದೆ, ‘ಅಟ್’ ಬೇಕಿಲ್ಲ. ನಮ್ಮ ‘ಮೀಟು’ ಅದಕ್ಕೆ ಸರಿಯಾದ ಜೋಡಿ. ಎಲ್ಲ ತಂತಿಗಳ ಮೇಲೆ ಒಟ್ಟಿಗೆ ಕೈ ಸವರಿದರೆ ‘ಸ್ಟ್ರಮ್’.

ಉಚ್ಚಾರವನ್ನೂ ಹೇಳಿಬಿಡುತ್ತೇನೆ: ಭೂತಕಾಲದಲ್ಲಿ ಬಾಯಿ ‘ಪ್ಲಕ್ಟ್’ ಅನ್ನಬೇಕು, ‘ಪ್ಲಕ್ಕೆಡ್’ ಅಲ್ಲ.

ಪತ್ರಿಕೆ ಓದುವಾಗ ಸಿಗುವ ಬಳಕೆಗಳು ಇನ್ನೊಂದು ಬಗೆಯವು. ನೆರೆಯಲ್ಲಿ ಸಿಕ್ಕಿಬಿದ್ದವರನ್ನು ಹೆಲಿಕಾಪ್ಟರ್ ಮೇಲೆತ್ತಿದರೆ ‘ಪ್ಲಕ್ಟ್ ಟು ಸೇಫ್ಟಿ’. ಯಾರಿಗೂ ಗೊತ್ತಿಲ್ಲದ ಹುಡುಗನನ್ನು ದೊಡ್ಡ ತಂಡಕ್ಕೆ ಆರಿಸಿಕೊಂಡರೆ ‘ಪ್ಲಕ್ಟ್ ಫ್ರಮ್ ಅಬ್ಸ್ಕ್ಯೂರಿಟಿ’. ನಾವು ಕಿತ್ತುಹಾಕಿದರೆ ಮನುಷ್ಯ ಬೀದಿಗೆ ಬೀಳುತ್ತಾನೆ, ಅವರು ಪ್ಲಕ್ ಮಾಡಿದರೆ ದಡ ಸೇರುತ್ತಾನೆ. ಲೆಕ್ಕಾಚಾರವಿಲ್ಲದೆ ಬಾಯಿಗೆ ಬಂದ ಅಂಕಿ ಹೇಳಿದರೆ ‘ಪ್ಲಕ್ಟ್ ಔಟ್ ಆಫ್ ದ ಏರ್’. ಆಕ್ಸ್‌ಫರ್ಡಿನ ಹಳೇ ಆಡುಮಾತಿನಲ್ಲಿ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವನನ್ನೂ ‘ಪ್ಲಕ್ಟ್’ ಅನ್ನುತ್ತಿದ್ದರು. ಈಗ ಆ ಬಳಕೆ ಸತ್ತಿದೆ, ನಮ್ಮ ಮಕ್ಕಳ ಪುಣ್ಯ.

ನಾಮಪದವಾದಾಗ ‘ಪ್ಲಕ್’ ಅಂದರೆ ಧೈರ್ಯ. ಕೀಳುವುದಕ್ಕೂ ಧೈರ್ಯಕ್ಕೂ ಎತ್ತಣ ಸಂಬಂಧ ಅಂತ ಪ್ರತಿ ವರ್ಷ ಯಾರಾದರೂ ಕೇಳಿಯೇ ಕೇಳುತ್ತಾರೆ. ನಡುವೆ ಕಟುಕನ ಅಂಗಡಿ ಇದೆ. ಕಡಿದ ಪ್ರಾಣಿಯ ಒಡಲಿನಿಂದ ಕಿತ್ತು ತೆಗೆದ ಹೃದಯ, ಪಿತ್ತಜನಕಾಂಗ, ಶ್ವಾಸಕೋಶ ಇವನ್ನು ಒಟ್ಟಾಗಿ ಪ್ಲಕ್ ಅಂದರು. 18ನೇ ಶತಮಾನದ ಹೊತ್ತಿಗೆ ಕುಸ್ತಿ-ಗುದ್ದಾಟದ ಆಡುಮಾತಿನಲ್ಲಿ ಅದೇ ಎದೆಗಾರಿಕೆ ಆಯಿತು. ‘ಗುಂಡಿಗೆ ಬೇಕು ಮಾರಾಯ’ ಅನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಪ್ಲಕ್ ಅಪ್ ಕರೇಜ್’ ಅಂದರೆ ಗಟ್ಟಿ ಮನಸ್ಸು ಮಾಡುವುದು: ಹೆಡ್‌ಮಾಸ್ಟರ ಕೋಣೆಯ ಬಾಗಿಲು ತಟ್ಟುವ ಮುಂಚೆ ಮಾಡುವಂಥದ್ದು.

‘ಪ್ಲಕ್ಕಿ’ ಮಾತ್ರ ನೋಡಿಕೊಂಡು ಬಳಸಿ. ಧೈರ್ಯವಂತ ಅಂತ ಅರ್ಥ ಇದ್ದರೂ ಹೇಳುವವನು ಅರ್ಧ ಮೆಟ್ಟಿಲು ಮೇಲೆ ನಿಂತು ಬೆನ್ನು ತಟ್ಟುವ ಧ್ವನಿ ಅದರಲ್ಲಿದೆ. ಪುಟ್ಟ ಹುಡುಗಿಗೆ, ಸೋತರೂ ಕೊನೆಯವರೆಗೆ ಆಡಿದ ಸಣ್ಣ ತಂಡಕ್ಕೆ ಒಪ್ಪುತ್ತದೆ. ಗಣರಾಜ್ಯೋತ್ಸವದ ಭಾಷಣದಲ್ಲಿ ಸೈನಿಕರಿಗೆ ಅಂತ ಬರೆದುಕೊಂಡು ಬಂದರೆ ನಾನು ಅದನ್ನು ಹೊಡೆದು ‘ಬ್ರೇವ್’ ಅಂತ ತಿದ್ದುತ್ತೇನೆ.