ಜಪಾನಿನಲ್ಲಿ ಕಟ್ಟಡ ಕೆಲಸ: ಏಜೆಂಟ್ ಹೇಳುವುದರಲ್ಲಿ ಎಷ್ಟು ನಿಜ?

ಪ್ರಶ್ನೆ: ನನ್ನ ತಮ್ಮ ಐಟಿಐಯಲ್ಲಿ ಪ್ಲಂಬರ್ ಟ್ರೇಡ್ ಮುಗಿಸಿ ಸೈಟಿನಲ್ಲಿ ದುಡಿಯುತ್ತಿದ್ದಾನೆ. ಜಪಾನಿನಲ್ಲಿ ಕಟ್ಟಡ ಕೆಲಸಕ್ಕೆ ಜನ ಸಾಲದು, ಎರಡು ಲಕ್ಷ ಕೊಟ್ಟರೆ ಕಳಿಸುತ್ತೇನೆ ಎನ್ನುತ್ತಿದ್ದಾನೆ ಒಬ್ಬ ಏಜೆಂಟ್. ನಂಬಬಹುದೇ?

ಜನ ಸಾಲದು ಎನ್ನುವುದು ನಿಜ. 1997ರಲ್ಲಿ ಜಪಾನಿನ ಕಟ್ಟಡ ಕ್ಷೇತ್ರದಲ್ಲಿ ಸುಮಾರು 68.5 ಲಕ್ಷ ಮಂದಿ ಇದ್ದರು. ಈಗ 48 ಲಕ್ಷದ ಆಸುಪಾಸು. ಅವರಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಜನ 55 ದಾಟಿದವರು. ಅದಕ್ಕೇ 2019ರಲ್ಲಿ ಹೊರದೇಶದ ಕುಶಲ ಕೆಲಸಗಾರರಿಗಾಗಿ 'ಸ್ಪೆಸಿಫೈಡ್ ಸ್ಕಿಲ್ಡ್ ವರ್ಕರ್' ವೀಸಾ ಬಂತು. 2021ರಲ್ಲಿ ಭಾರತದ ಜೊತೆಗೂ ಒಪ್ಪಂದವಾಯಿತು.

ಎರಡು ಲಕ್ಷದ ಮಾತು ಬೇರೆ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅವನ ನೋಂದಣಿ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಿ. ಭಾಷಾ ತರಬೇತಿಯ ಖರ್ಚಿಗೆ ಬೇರೆಯೇ ರಸೀದಿ ಕೇಳಿ. 'ಮೊದಲು ವಿದ್ಯಾರ್ಥಿ ವೀಸಾದಲ್ಲಿ ಹೋಗಲಿ, ಅಲ್ಲಿ ಬದಲಾಯಿಸೋಣ' ಎಂದರೆ ಅಲ್ಲಿಗೇ ನಿಲ್ಲಿಸಿ: ಆ ವೀಸಾದಲ್ಲಿ ಅನುಮತಿ ಪಡೆದರೂ ಓದಿನ ದಿನಗಳಲ್ಲಿ ವಾರಕ್ಕೆ 28 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಏಜೆಂಟ್‌ಗೆ ಕೊಡಲು ಸಾಲ ಮಾಡಿದ್ದರೆ ಅದನ್ನು ತೀರಿಸಲು ಆ ದುಡಿಮೆ ಸಾಲದು.

ಸ್ಪೆಸಿಫೈಡ್ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ವಯಸ್ಸು 18 ತುಂಬಿರಬೇಕು, ಎರಡು ಪರೀಕ್ಷೆ ಪಾಸಾಗಬೇಕು. ಜಪಾನಿ ಭಾಷೆಗೆ ಜೆಎಲ್‌ಪಿಟಿ ಪರೀಕ್ಷೆಯ ಎನ್-4 ಹಂತ ಅಥವಾ ಜೆಎಫ್‌ಟಿ-ಬೇಸಿಕ್ ಪರೀಕ್ಷೆ (250ಕ್ಕೆ 200 ಅಂಕ). ಕೌಶಲಕ್ಕೆ ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆ. ಪ್ಲಂಬಿಂಗ್, ವೈರಿಂಗ್ 'ಲೈಫ್‌ಲೈನ್' ವಿಭಾಗಕ್ಕೆ ಬರುತ್ತವೆ. ಬಾರ್ ಬೆಂಡಿಂಗ್, ಸೆಂಟ್ರಿಂಗ್ 'ಕಟ್ಟಡ' ವಿಭಾಗಕ್ಕೆ. ಕೈಕೆಲಸ ಚೆನ್ನಾಗಿ ಬಲ್ಲವರೂ ಎಡವುವುದು ಲಿಖಿತ ಪರೀಕ್ಷೆಯಲ್ಲಿ, ಏಕೆಂದರೆ ಪ್ರಶ್ನೆಗಳು ಜಪಾನಿ ಭಾಷೆಯಲ್ಲಿರುತ್ತವೆ. ತೆಕ್ಕಿನ್ (ಕಂಬಿ), ಅಶಿಬಾ (ಸಾರುವೆ), ಹೈಕಾನ್ (ಪೈಪ್ ಜೋಡಣೆ) ಇಂಥ ಮಾತುಗಳು ಎನ್-4 ಪುಸ್ತಕದಲ್ಲಿ ಸಿಗುವುದಿಲ್ಲ. ಪರೀಕ್ಷೆ ನಡೆಸುವ ಜೆಎಸಿ ಸಂಸ್ಥೆಯ ತಾಣದಲ್ಲಿ ಪಠ್ಯ ಉಚಿತವಾಗಿದೆ. ಭಾಷೆ ಕಲಿಯತೊಡಗಿದಾಗಲೇ ಅದನ್ನೂ ತೆರೆದಿಟ್ಟುಕೊಳ್ಳಲಿ.

ಕರಾರು ಪತ್ರದಲ್ಲಿ ಮುಖ್ಯವಾಗಿ ನೋಡಬೇಕಾದ್ದು ತಿಂಗಳ ಸಂಬಳ. ಕಟ್ಟಡ ಕೆಲಸದ ಈ ವೀಸಾಕ್ಕೆ ದಿನಗೂಲಿ ನಡೆಯುವುದಿಲ್ಲ. ಮಳೆಗೆ ಸೈಟ್ ನಿಂತರೂ ಸಂಬಳ ನಿಲ್ಲಬಾರದು, ಅದೇ ಕೆಲಸ ಮಾಡುವ ಜಪಾನಿಯರಿಗಿಂತ ಕಡಿಮೆಯೂ ಇರಬಾರದು. ತೆರಿಗೆ, ವಿಮೆ, ಪಿಂಚಣಿ, ಕೋಣೆ ಬಾಡಿಗೆ ಕಳೆದು ಕೈಗೆ ಎಷ್ಟು ಬರುತ್ತದೆ ಎಂಬುದನ್ನು ಬರಹದಲ್ಲೇ ಪಡೆಯಿರಿ.

ತಮ್ಮನಿಗೆ ಮದುವೆಯಾಗಿದ್ದರೆ ಇದನ್ನೂ ಯೋಚಿಸಿ: ಮೊದಲ ಹಂತದ ವೀಸಾ ಒಟ್ಟು 5 ವರ್ಷ, ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ತಂಡ ನಡೆಸಿದ ಅನುಭವದೊಂದಿಗೆ ಮೇಲಿನ ಪರೀಕ್ಷೆ ಪಾಸಾದರೆ ಎರಡನೇ ಹಂತ. ಆಗ ಕುಟುಂಬಕ್ಕೂ ಅವಕಾಶ, ವೀಸಾ ನವೀಕರಣಕ್ಕೂ ಮಿತಿಯಿಲ್ಲ.