ಲೇಸರ್ ಡಯೋಡ್‌ಗೆ ಎಲ್‌ಎಂ317 ಡ್ರೈವರ್: ಡಯೋಡ್ ಇಲ್ಲದೆ ಆನ್ ಮಾಡಿದರೆ ಏನಾಗುತ್ತದೆ

ಈ ಟಿಪ್ಪಣಿ 650 ನ್ಯಾನೋಮೀಟರಿನ, 5 ಮಿಲಿವ್ಯಾಟಿನ ಕೆಂಪು ಲೇಸರ್ ಡಯೋಡ್ ಮತ್ತು ಅದಕ್ಕೆ ಅಳತೆಯ ಕರೆಂಟ್ ಕೊಡುವ ಸರ್ಕ್ಯೂಟ್, ಅಂದರೆ ಡ್ರೈವರ್, ಕುರಿತದ್ದು. ಡಯೋಡ್‌ನದು 5.6 ಮಿಲಿಮೀಟರಿನ ಲೋಹದ ಡಬ್ಬಿ, ಮೂರು ಕಾಲು. ಉಳಿದ ಸಾಮಾನೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸಿಗುವಂಥದ್ದೇ: ಒಂದು ಎಲ್‌ಎಂ317 (ವೋಲ್ಟೇಜ್ ಹಿಡಿದಿಡುವ ಮೂರು ಕಾಲಿನ ಐಸಿ), 47 ಓಂ ಮತ್ತು 1 ಓಂ ರೆಸಿಸ್ಟರ್, 100 ಓಂ ಪ್ರಿಸೆಟ್ (ತಿರುಗಿಸಿ ಓಂ ಬದಲಿಸುವ ರೆಸಿಸ್ಟರ್), 10 ಮೈಕ್ರೋಫ್ಯಾರಡ್ ಕೆಪಾಸಿಟರ್, ಒಂದು 1ಎನ್4148, ಮೂರು 1ಎನ್4007 (ಇವೆರಡೂ ಸಾಮಾನ್ಯ ಡಯೋಡ್), 9 ವೋಲ್ಟ್ ಬ್ಯಾಟರಿ, ಸ್ವಿಚ್. ಹಳೆಯ ಡಿವಿಡಿ ರೈಟರ್ ಬಿಚ್ಚಿ ಅದರ ಡಯೋಡ್‌ನಿಂದ ಕಲಿಕೆ ಶುರು ಮಾಡುವುದು ಬೇಡ. ಅದು ಇದಕ್ಕಿಂತ ಹತ್ತಾರು ಪಟ್ಟು ಪ್ರಬಲ, ರೆಪ್ಪೆ ಮುಚ್ಚುವಷ್ಟರಲ್ಲಿ ಕಣ್ಣು ಹೋಗಿರುತ್ತದೆ. 5 ಮಿಲಿವ್ಯಾಟ್ ಕೂಡ ಆಟದ ಸಾಮಾನಲ್ಲ. ಕಿರಣ ಕೂತಾಗಿನ ಕಣ್ಣಿನ ಮಟ್ಟಕ್ಕಿಂತ ಕೆಳಗಿರಲಿ, ಹೊಳಪಿಲ್ಲದ ಕಪ್ಪು ರಟ್ಟಿನ ಮೇಲೆ ಮುಗಿಯಲಿ. ಕೈಯಲ್ಲಿರುವ ಉಂಗುರ, ವಾಚು ತೆಗೆದಿಡಿ.

ಹೊಸ್ತಿಲು ಕರೆಂಟ್

ಎಲ್‌ಇಡಿಗೆ ಕರೆಂಟ್ ಹೆಚ್ಚಿಸಿದಷ್ಟೂ ಬೆಳಕು ಹೆಚ್ಚುತ್ತದೆ. ಲೇಸರ್ ಡಯೋಡ್ ಹಾಗಲ್ಲ. ಒಂದು ಮಟ್ಟದವರೆಗೆ ಅದು ಮಂಕು ಎಲ್‌ಇಡಿ ಮಾತ್ರ. ಆ ಹೊಸ್ತಿಲು ದಾಟಿದ ಮೇಲೆ ಬೆಳಕು ಕಡಿದಾಗಿ ಏರುತ್ತದೆ. ಡೇಟಾಶೀಟ್‌ನಲ್ಲಿ ಹೊಸ್ತಿಲು 20 ಮಿಲಿಆಂಪ್, 5 ಮಿಲಿವ್ಯಾಟ್‌ಗೆ 30 ಮಿಲಿಆಂಪ್ ಎಂದಿದೆ ಅಂದುಕೊಳ್ಳಿ. ಆಗ ಹೊಸ್ತಿಲಿನಾಚೆ ಪ್ರತಿ ಮಿಲಿಆಂಪ್‌ಗೆ ಅರ್ಧ ಮಿಲಿವ್ಯಾಟ್. ನಿಮ್ಮ ಡಯೋಡ್‌ನ ಅಂಕಿ ಬೇರೆ ಇದ್ದರೆ ಮುಂದಿನ ಲೆಕ್ಕವನ್ನೂ ಬದಲಿಸಿಕೊಳ್ಳಿ.

ಬಿಸಿ ಏರಿದರೆ ಹೊಸ್ತಿಲೂ ಏರುತ್ತದೆ. 1962ರಲ್ಲಿ ರಾಬರ್ಟ್ ಹಾಲ್ ತಂಡದ ಮೊದಲ ಡಯೋಡ್ ಲೇಸರನ್ನು ದ್ರವ ನೈಟ್ರೋಜನ್‌ನ ಚಳಿಯಲ್ಲಿಟ್ಟು ಕ್ಷಣಿಕ ಮಿಡಿತಗಳಲ್ಲಿ ಮಾತ್ರ ಉರಿಸಬೇಕಾದದ್ದು, ಅದರ ಹೊಸ್ತಿಲು ಅಷ್ಟು ಎತ್ತರದಲ್ಲಿದ್ದುದರಿಂದ. ನಮ್ಮ ಮಟ್ಟಿಗೆ ಇದರ ತಿರುಗುಮುರುಗೇ ಮುಖ್ಯ: ಮಧ್ಯಾಹ್ನದ ಸೆಕೆಯಲ್ಲಿ ಅಂಚಿಗೆ ತಂದು ನಿಲ್ಲಿಸಿದ ಡಯೋಡ್, ಬೆಳಗಿನ ಚಳಿಯಲ್ಲಿ ಅದೇ ಕರೆಂಟ್‌ಗೆ ಮಿತಿ ಮೀರಿ ಉರಿಯಬಹುದು.

ರೆಸಿಸ್ಟರ್ ಲೆಕ್ಕ

ಎಲ್‌ಎಂ317 ತನ್ನ ಔಟ್ ಮತ್ತು ಅಡ್ಜಸ್ಟ್ ಕಾಲುಗಳ ನಡುವೆ ಸದಾ 1.25 ವೋಲ್ಟ್ ಕಾಪಾಡಿಕೊಳ್ಳುತ್ತದೆ. ನಡುವೆ ರೆಸಿಸ್ಟರ್ ಇಟ್ಟರೆ ಕರೆಂಟ್ = 1.25 ÷ ಓಂ. 47 ಓಂ ಮತ್ತು ಪ್ರಿಸೆಟ್ ಸರಣಿಯಲ್ಲಿರಲಿ. ಪ್ರಿಸೆಟ್ ಪೂರ್ತಿ 100 ಓಂನಲ್ಲಿದ್ದಾಗ 8.5 ಮಿಲಿಆಂಪ್, ಸೊನ್ನೆಗೆ ತಿರುಗಿಸಿದರೆ 26.6 ಮಿಲಿಆಂಪ್. ಕೆಲವು ಐಸಿಗಳು 10ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಗಾಬರಿ ಬೇಡ.

47 ಓಂ ಬಿಟ್ಟು ಬರೀ ಪ್ರಿಸೆಟ್ ಹಾಕಿದರೆ ಒಂದು ತಿರುವಿಗೆ ಡಯೋಡ್ ಹೋಯಿತು. 47 ಓಂ ಸಾಕೇ ಎಂದು ಕೆಟ್ಟ ಸಂದರ್ಭಕ್ಕೂ ಲೆಕ್ಕ ಹಾಕಿ: ಐಸಿ 1.25ರ ಬದಲು 1.30 ಕೊಟ್ಟಿತು, ರೆಸಿಸ್ಟರ್ ಶೇ. 5 ಕಡಿಮೆ ಇತ್ತು, ಆಗ 1.30 ÷ 44.65 = 29.1 ಮಿಲಿಆಂಪ್. 30ರ ಒಳಗೇ ಇದೆ. ಈ ಸುರಕ್ಷತೆಗಾಗಿಯೇ 39 ಓಂ ಬಿಟ್ಟು 47 ಆರಿಸಿದ್ದು.

ಡಯೋಡ್‌ಗೆ 2.2, ರೆಸಿಸ್ಟರ್‌ಗೆ 1.25, ಐಸಿಗೆ ಸುಮಾರು 2, ಒಟ್ಟು 5.5 ವೋಲ್ಟ್ ಬೇಕು. ಯುಎಸ್‌ಬಿಯ 5 ವೋಲ್ಟ್ ಸಾಲದು. ಐಸಿಗೆ ಹೀಟ್‌ಸಿಂಕ್ ಬೇಕಿಲ್ಲ, ಅದರಲ್ಲಿ ಕಾಲು ವ್ಯಾಟ್ ಕೂಡ ಸುಡುವುದಿಲ್ಲ.

ಎಲ್ಲರೂ ಎಡವುವ ಜಾಗ: ಡಯೋಡ್ ಇಲ್ಲದ ಡ್ರೈವರ್

ಕರೆಂಟ್ ಲೆಕ್ಕ ಸರಿ, ಅಳತೆ ಸರಿ, ಡಯೋಡ್ ಜೋಡಿಸಿದ ತಕ್ಷಣ ಒಮ್ಮೆ ಮಿಂಚಿ ಮಂಕಾಯಿತು. ಕಾರಣ ಹೀಗಿದೆ.

ಈ ಡ್ರೈವರ್ ಒಂದು ಕರೆಂಟ್ ಸೋರ್ಸ್, ಅದಕ್ಕೆ ಗೊತ್ತಿರುವುದು ಒಂದೇ ಕೆಲಸ: 26.6 ಮಿಲಿಆಂಪ್ ಹರಿಸುವುದು. ಡಯೋಡ್ ಇಲ್ಲದಿದ್ದರೆ ಹರಿಯಲು ದಾರಿಯಿಲ್ಲ, ಹಾಗಾಗಿ ಐಸಿ ತನ್ನಿಂದಾದಷ್ಟು ವೋಲ್ಟೇಜ್ ಏರಿಸುತ್ತದೆ, 9 ವೋಲ್ಟ್ ಬ್ಯಾಟರಿಯಲ್ಲಿ ಸುಮಾರು 7.5ರವರೆಗೆ. ಡಯೋಡ್ ಕೂರಬೇಕಾದ ಜಾಗಕ್ಕೆ ಅಡ್ಡಲಾಗಿರುವ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಅಷ್ಟಕ್ಕೂ ತುಂಬಿಕೊಳ್ಳುತ್ತದೆ. ಎಷ್ಟು ಬೇಗ? ಮಿಲಿಸೆಕೆಂಡಿಗೆ ಸುಮಾರು 2.7 ವೋಲ್ಟ್, ಅಂದರೆ ಮೂರೇ ಮಿಲಿಸೆಕೆಂಡು. ಈಗ ಡಯೋಡ್ ತಾಗಿಸಿದರೆ ಆ ಕೆಪಾಸಿಟರ್ ಖಾಲಿಯಾಗುವುದು ನೇರ ಡಯೋಡ್ ಮೂಲಕ. ದಾರಿಯಲ್ಲಿ 5 ಓಂ ಇದೆ ಅಂದರೂ 7.5 − 2.2 = 5.3, ಐದರಿಂದ ಭಾಗಿಸಿದರೆ ಒಂದು ಆಂಪಿಯರ್‌ಗೂ ಮೇಲೆ. ಎಲ್‌ಎಂ317 ಇದನ್ನು ತಡೆಯಲಾರದು, ಕರೆಂಟ್ ಬರುತ್ತಿರುವುದು ಐಸಿಯಿಂದಲ್ಲ, ಕೆಪಾಸಿಟರಿನಿಂದ.

ಐವತ್ತು ಮೈಕ್ರೋಸೆಕೆಂಡಿನ ಹೊಡೆತ ಅಷ್ಟು ದೊಡ್ಡದೇ ಎನಿಸಬಹುದು. ಬೆಳಕನ್ನು ಒಳಗೆ ಹಿಂದೆ ಮುಂದೆ ಪುಟಿಸುವ ಲೇಸರ್‌ನ ಕನ್ನಡಿ ಅಂದರೆ ಹರಳಿನ ಸೀಳಿದ ಮುಖವೇ, ಬೆಳಕು ಹೊರಡುವ ಜಾಗ ಕೆಲವೇ ಮೈಕ್ರಾನ್. 5 ಮಿಲಿವ್ಯಾಟ್ 3 ಚದರ ಮೈಕ್ರಾನ್‌ನಿಂದ ಹೊರಟರೂ ಚದರ ಮಿಲಿಮೀಟರಿಗೆ ಒಂದೂವರೆ ಸಾವಿರ ವ್ಯಾಟ್‌ಗಿಂತ ಹೆಚ್ಚಾಯಿತು. ಅದರ ಹತ್ತಾರು ಪಟ್ಟು ಬಂದರೆ ಆ ಮುಖ ಕರಗಿಬಿಡುತ್ತದೆ.

ಇದೇ ಹೊಡೆತ ಬೇರೆ ವೇಷಗಳಲ್ಲೂ ಬರುತ್ತದೆ. ಕ್ರೊಕಡೈಲ್ ಕ್ಲಿಪ್ ಅಲುಗಾಡಿದರೆ, ಬ್ರೆಡ್‌ಬೋರ್ಡಿನ ಹಿಡಿತ ಸಡಿಲವಿದ್ದರೆ, ಪ್ರತಿ ಸಲ ಬಿಟ್ಟು ಹಿಡಿದಾಗಲೂ ಇದೇ ಕಥೆ. ಎಲ್ಲಕ್ಕಿಂತ ಮೋಸದ್ದು ಮಲ್ಟಿಮೀಟರ್: ಕರೆಂಟ್ ಅಳೆಯಲು ಸರಣಿಯಲ್ಲಿ ಸೇರಿಸಿ, ಆನ್ ಇರುವಾಗಲೇ ರೇಂಜ್ ಗುಬ್ಬಿ ತಿರುಗಿಸಿದರೆ ನಡುವೆ ಒಂದು ಕ್ಷಣ ಸರ್ಕ್ಯೂಟ್ ಕಡಿಯುತ್ತದೆ. ಆ ಕ್ಷಣ ಕೆಪಾಸಿಟರಿಗೆ ಬೇಕಾದಷ್ಟಾಯಿತು.

ಹಾಗಾಗಿ ಸ್ವಿಚ್ ಬ್ಯಾಟರಿ ಮತ್ತು ಐಸಿಯ ನಡುವೆ ಮಾತ್ರ, ಡ್ರೈವರ್ ಮತ್ತು ಡಯೋಡ್ ನಡುವೆ ಎಂದಿಗೂ ಬೇಡ. ಮೀಟರಿನ ಬದಲು ಮೈನಸ್ ದಾರಿಯಲ್ಲಿ 1 ಓಂ ರೆಸಿಸ್ಟರನ್ನು ಕಾಯಂ ಸೋಲ್ಡರ್ ಮಾಡಿ, ಅದರ ಎರಡು ತುದಿಯ ನಡುವೆ ಮಿಲಿವೋಲ್ಟ್ ಓದಿ. 1 ಮಿಲಿವೋಲ್ಟ್ ಅಂದರೆ 1 ಮಿಲಿಆಂಪ್.

ಕೆಪಾಸಿಟರೇ ಬೇಡ ಎಂದರೆ? ಬೇಕು. ಡಯೋಡ್ ಮೊದಲೇ ಜೋಡಣೆಯಾಗಿದ್ದರೆ ಅದೇ ಕೆಪಾಸಿಟರ್ ಆನ್ ಮಾಡಿದಾಗಿನ ಏರಿಳಿತ ನುಂಗಿ, ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತದೆ.

ಜೋಡಿಸುವ ಕ್ರಮ

ಬರಹ ನಿಮ್ಮತ್ತ ಇರುವಂತೆ ಹಿಡಿದರೆ ಎಲ್‌ಎಂ317ರ ಕಾಲುಗಳು ಎಡದಿಂದ ಅಡ್ಜಸ್ಟ್, ಔಟ್, ಇನ್. ಅಡ್ಜಸ್ಟ್ ತಂತಿ ಸೇರಬೇಕಾದದ್ದು ರೆಸಿಸ್ಟರಿನ ಡಯೋಡ್ ಬದಿಗೆ. ಈ ಬೆಸುಗೆಯನ್ನೇ ಮೊದಲು ಹಾಕಿ, ಎಳೆದು ನೋಡಿ. ಅದು ಬಿಟ್ಟುಕೊಂಡರೆ ಔಟ್ ಪೂರ್ತಿ ಏರಿ, 47 ಓಂ ಮೂಲಕ ನೂರು ಮಿಲಿಆಂಪ್ ದಾಟುತ್ತದೆ.

ಲೇಸರ್ ಬದಲು ಮೊದಲು ಮೂರು 1ಎನ್4007 ಸರಣಿಯಲ್ಲಿ ಹಾಕಿ. ಒಟ್ಟು ಸುಮಾರು 2.2 ವೋಲ್ಟ್, ಕೆಂಪು ಲೇಸರಿನಷ್ಟೇ. ಪ್ರಿಸೆಟ್ ಈ ತುದಿಯಿಂದ ಆ ತುದಿಗೆ ತಿರುಗಿಸಿ, ಯಾವ ಹಂತದಲ್ಲೂ 29 ಮಿಲಿವೋಲ್ಟ್ ಮೀರಬಾರದು. ಆಮೇಲೆ ಪೂರ್ತಿ 100 ಓಂಗೆ ಹಿಂದಿರುಗಿಸಿ. ಸ್ವಿಚ್ ಆಫ್, ಬ್ಯಾಟರಿ ಬಿಚ್ಚಿ, ಕೆಪಾಸಿಟರಿನ ಎರಡು ಕಾಲನ್ನು ಸ್ಕ್ರೂಡ್ರೈವರಿನಿಂದ ಸೇರಿಸಿ ಖಾಲಿ ಮಾಡಿ. ಇದನ್ನು ಒಮ್ಮೆ ಮರೆತರೂ ಮೇಲಿನ ಕಥೆಯೇ.

ಡಯೋಡ್‌ನ ಕಾಲು ಗುರುತಿಸಲು ಮೀಟರಿನ ಡಯೋಡ್ ಮೋಡ್ ಸಾಕು. 0.6 ಆಸುಪಾಸು ತೋರಿಸುವ ಜೋಡಿ ಬೆಳಕು ಅಳೆಯಲು ಒಳಗೇ ಇರುವ ಫೋಟೋಡಯೋಡ್, 1.6ರಿಂದ 2ರ ಆಸುಪಾಸಿನದು ಲೇಸರ್. ಸ್ಥಿರವಿದ್ಯುತ್ತಿಗೆ ಇದು ಬಲು ಸೂಕ್ಷ್ಮ, ಆದ್ದರಿಂದ ಮೂರೂ ಕಾಲಿಗೆ ಸಣ್ಣ ತಂತಿ ಸುತ್ತಿಯೇ ಸೋಲ್ಡರ್ ಮಾಡಿ, ಮುಗಿದ ಮೇಲೆ ಬಿಚ್ಚಿ. ಐರನ್‌ಗೆ ಮೂರು ಪಿನ್ನಿನ ಅರ್ಥಿಂಗ್ ಇರಲಿ. 1ಎನ್4148 ಅನ್ನು ಲೇಸರಿಗೆ ಉಲ್ಟಾ ದಿಕ್ಕಿನಲ್ಲಿ ಅಡ್ಡ ಹಾಕಿ, ಲೇಸರ್ ಡಯೋಡ್ ಉಲ್ಟಾ 2 ವೋಲ್ಟ್‌ಗಿಂತ ಹೆಚ್ಚು ತಡೆಯದು.

ಆನ್ ಮಾಡಿ, ಪ್ರಿಸೆಟ್ ಮೆಲ್ಲಗೆ ತಿರುಗಿಸಿ. 20ರ ಸುಮಾರಿಗೆ ರಟ್ಟಿನ ಮೇಲಿನ ಮಂಕು ಕೆಂಪು ಒಮ್ಮೆಲೇ ಉದ್ದನೆಯ, ಕಾಳುಕಾಳಾದ ಪಟ್ಟಿಯಾಗುತ್ತದೆ. ಆ ಕಾಳುಗಳೇ ಲೇಸರಿನ ಗುರುತು. ಪಟ್ಟಿಯಾಗಿ ಕಾಣುವುದು ದೋಷವಲ್ಲ, ಕಿರಣ ಒಂದು ದಿಕ್ಕಿಗೆ ಸುಮಾರು 30 ಡಿಗ್ರಿ, ಇನ್ನೊಂದಕ್ಕೆ 10ಕ್ಕಿಂತ ಕಡಿಮೆ ಹರಡುತ್ತದೆ. ಡಯೋಡ್ ಮುಂದೆ ಕೂರಿಸಿದ ಲೆನ್ಸ್ ತಿರುಗಿಸಿ ಆ ಪಟ್ಟಿಯನ್ನು ಚುಕ್ಕೆಗೆ ತನ್ನಿ.

ಕರೆಂಟ್ ಸರಿಯಾಗಿದ್ದೂ ಕಾಳು ಮೂಡದೆ ಮಂಕಾಗಿಯೇ ಉಳಿದರೆ ಕನ್ನಡಿ ಸುಟ್ಟಿದೆ, ಸರಿಪಡಿಸಲಾಗದು. ಎಸೆಯಬೇಡಿ: ಮೂರು 1ಎನ್4007ರ ಜಾಗದಲ್ಲಿ ಮುಂದಿನ ಡ್ರೈವರ್ ಪರೀಕ್ಷಿಸಲು, ಕಾಲಿಗೆ ತಂತಿ ಸುತ್ತಿ ಸೋಲ್ಡರ್ ಮಾಡುವ ಅಭ್ಯಾಸಕ್ಕೆ ಅದು ಬರುತ್ತದೆ.