ಗುರುತು ಬಿತ್ತು, ಬೀಗ ಉಳಿಯಿತು

"ಸುರಕ್ಷತೆಯ ಆಡಿಟ್ ಬರುವ ಹಿಂದಿನ ವಾರ ನಮ್ಮ ಹ್ಯಾಂಗರಿನಲ್ಲಿ ಮದುವೆಮನೆಯ ಗಡಿಬಿಡಿ" ಎಂದು ಕುಂದಾಪುರದ ಮೆಕ್ಯಾನಿಕ್ ಒಬ್ಬರು ನಕ್ಕರು. ಮುಂಬೈಯ ಜುಹುವಿನ ಸಣ್ಣ ಹೆಲಿಕಾಪ್ಟರ್ ಕಂಪನಿಯೊಂದರಲ್ಲಿ ಅವರ ದುಡಿಮೆ. ನಾವು ಕುಳಿತಿದ್ದುದು ಮಾಟುಂಗದ ಉಡುಪಿ ಹೋಟೆಲಿನಲ್ಲಿ. ಆಡಿಟ್‌ಗೆ ಬಂದವರು ಟಾರ್ಕ್ ರೆಂಚ್, ಅಂದರೆ ಬೋಲ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿಯುವ ಸಾಧನ, ಎತ್ತಿ, ಅದರ ಮೇಲಿನ ಚೀಟಿಯ ತಾರೀಖು ನೋಡಿ, ಸರಿ ಗುರುತು ಹಾಕುತ್ತಾರಂತೆ. ರಾತ್ರಿ ಪಾಳಿಯಲ್ಲಿ ಆ ರೆಂಚ್ ಪೆಟ್ಟಿಗೆಯಿಂದ ಹೊರಬರುತ್ತದೆಯೇ ಎಂಬುದಕ್ಕೆ ಅವರ ತಪಾಸಣೆಯ ಪಟ್ಟಿಯಲ್ಲಿ ಕಾಲಂ ಇಲ್ಲ.

ಪಟ್ಟಿಯ ಮೂಲ 1935ರಲ್ಲಿದೆ. ಆ ವರ್ಷದ ಅಕ್ಟೋಬರ್ 30ರಂದು ಅಮೆರಿಕದ ಡೇಟನ್‌ನಲ್ಲಿ ಬೋಯಿಂಗ್ ಮಾಡೆಲ್ 299 ಮೇಲೇರಿದ ಕೂಡಲೇ ನೆಲಕ್ಕಪ್ಪಳಿಸಿತು. ನಿಂತ ವಿಮಾನದ ಬಾಲದ ಚಲಿಸುವ ಹಲಗೆಗಳು ಗಾಳಿಗೆ ಬಡಿದಾಡದಂತೆ ಹಾಕುವ ಬೀಗವನ್ನು, ಅಂದರೆ ಗಸ್ಟ್ ಲಾಕನ್ನು, ತೆಗೆಯುವುದೇ ಮರೆತುಹೋಗಿತ್ತು. ಹಾರಿಸುತ್ತಿದ್ದ ಮೇಜರ್ ಹಿಲ್ ಪಳಗಿದ ಪೈಲಟ್. ಅವರು ಅಂದೇ ತೀರಿಕೊಂಡರು. ನೆನಪನ್ನು ನೆಚ್ಚಿ ಕೂರಬಾರದೆಂದು ಚೆಕ್‌ಲಿಸ್ಟ್ ಹುಟ್ಟಿತು.

ಪೈಲಟ್ ಓದಿಕೊಳ್ಳಬೇಕಾದ ಪಟ್ಟಿ ಮುಂದೆ ಕಂಪನಿಯನ್ನೇ ಅಳೆಯುವ ಪಟ್ಟಿಯಾಗಿ ಬೆಳೆಯಿತು. 2002ರಲ್ಲಿ ಖಾಸಗಿ ಜೆಟ್‌ಗಳಿಗೆ ಐಎಸ್-ಬಿಎಒ ಎಂಬ ಮಾನದಂಡ ಬಂತು. ತೈಲ, ಗಣಿ ಕಂಪನಿಗಳು ಬಾಡಿಗೆಗೆ ಪಡೆಯುವ ವಿಮಾನಗಳಿಗೆಂದು 2010ರಲ್ಲಿ ಬಾರ್ಸ್ ಎಂಬ ಇನ್ನೊಂದು ಮಾನದಂಡ ಬಂತು. ಒಂದೇ ಕಂಪನಿಗೆ ಹತ್ತು ಗಿರಾಕಿಗಳು ಹತ್ತು ಸಲ ಆಡಿಟ್ ಮಾಡುವ ರಗಳೆ ತಪ್ಪಿಸುವುದೂ ಇದರ ಉದ್ದೇಶವಾಗಿತ್ತು.

2014ರ ಮೇ 31ರಂದು ಮ್ಯಾಸಚೂಸೆಟ್ಸ್‌ನ ಬೆಡ್‌ಫರ್ಡ್‌ನಲ್ಲಿ ಗಲ್ಫ್‌ಸ್ಟ್ರೀಮ್ ಜೆಟ್ ರನ್‌ವೇ ದಾಟಿ ಉರಿದು ಏಳು ಮಂದಿ ಸತ್ತರು. ಕಾರಣ, ಅದೇ ಗಸ್ಟ್ ಲಾಕ್! ಆ ಜೆಟ್ ಹಾರಿಸುತ್ತಿದ್ದ ಸಂಸ್ಥೆಗೆ ಐಎಸ್-ಬಿಎಒದ ಎರಡನೇ ಹಂತದ ಮಾನ್ಯತೆಯೂ ಇತ್ತು. ವಿಮಾನದಲ್ಲೇ ದಾಖಲಾಗಿದ್ದ ಹಿಂದಿನ 175 ಹಾರಾಟಗಳ ಪೈಕಿ ಶೇ 98ರಲ್ಲಿ, ಬೀಗ ಉಳಿದಿದ್ದರೆ ಮೇಲೇರುವ ಮುನ್ನವೇ ಗೊತ್ತುಮಾಡಿಕೊಡುವ ನಿಯಂತ್ರಣಗಳ ಪೂರ್ಣ ಪರೀಕ್ಷೆ ನಡೆದಿರಲಿಲ್ಲ. ಇದು ಒಂದೇ ಕಡೆಯ ಚಾಳಿಯೇ ಎಂದು ಬೇರೆ ಬಿಸಿನೆಸ್ ಜೆಟ್‌ಗಳ 1,43,756 ಹಾರಾಟಗಳನ್ನು ಜಾಲಾಡಿದಾಗ, ಸುಮಾರು ಶೇ 18ರಲ್ಲಿ ಪರೀಕ್ಷೆ ಅರೆಬರೆಯಾಗಿತ್ತು ಅಥವಾ ಆಗಿಯೇ ಇರಲಿಲ್ಲ. ಪುಸ್ತಕದ ಬದನೆಕಾಯಿ ಎಂದರೆ ಇದೇ. ಚೆಕ್‌ಲಿಸ್ಟ್ ಇದೆಯೇ ಎಂದಷ್ಟೇ ಅಲ್ಲ, ಬಳಸುತ್ತಾರೆಯೇ ಎಂದೂ ಆಡಿಟ್ ನೋಡಬೇಕೆಂದು ಅಲ್ಲಿನ ತನಿಖಾ ಮಂಡಳಿ ಶಿಫಾರಸು ಮಾಡಿತು.

ಹಾಗೆಂದು ಪಟ್ಟಿಯನ್ನು ಹರಿದೆಸೆಯುವ ಮಾತಲ್ಲ. ಒಂದೆರಡು ಯಂತ್ರಗಳ ಕಂಪನಿಯಲ್ಲಿ ಬಿಡಿಭಾಗದ ಲೆಕ್ಕ ಬರೆಯುವವರೂ ಸುರಕ್ಷತೆ ನೋಡುವವರೂ ಹಲವೊಮ್ಮೆ ಒಬ್ಬರೇ. ಹೊರಗಿನವರ ಹೆದರಿಕೆಯಿಲ್ಲದಿದ್ದರೆ ಬರೆದಿಡುವ ಅಭ್ಯಾಸವೇ ಹುಟ್ಟುವುದಿಲ್ಲ. ಆದರೆ ಕಾಗದ ಓದಲು ಒಂದು ದಿನ ಸಾಕು, ರೂಢಿ ಓದಲು ಸಾಲದು. ಹಾರಾಟದ ದತ್ತಾಂಶ ತೆಗೆದು ನೋಡದ ಆಡಿಟ್ ನನ್ನ ದೃಷ್ಟಿಯಲ್ಲಿ ಅರ್ಧ ಆಡಿಟ್.

1932ರಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಹೊತ್ತು ಬಂದಿಳಿದ ಜುಹುವಿನಲ್ಲಿ ಈಗ ಬಾಂಬೆ ಹೈ ತೈಲ ಬಾವಿಗಳಿಗೆ ಹೋಗುವ ಹೆಲಿಕಾಪ್ಟರುಗಳ ಸದ್ದು. ಆ ಮೆಕ್ಯಾನಿಕ್ ಇಷ್ಟು ವರ್ಷಗಳಲ್ಲಿ ಹೆದರಿದ್ದು ಒಬ್ಬ ಆಡಿಟರಿಗೆ ಮಾತ್ರವಂತೆ. ಆತ ಹೇಳದೆ ಕೇಳದೆ ಬೆಳಗಿನ ಮೊದಲ ಹಾರಾಟಕ್ಕೆ ಬಂದು ಗೋಡೆಗೊರಗಿ ನಿಂತಿದ್ದ. ಬ್ಯಾಗಿನಿಂದ ಪಟ್ಟಿ ತೆಗೆದದ್ದು ಹೆಲಿಕಾಪ್ಟರ್ ಸಮುದ್ರದ ಕಡೆ ತಿರುಗಿದ ಮೇಲೆ.